ಪ್ರೇಯರ್ ಹಾಲಿಗೆ ಯಾವ ಬಟ್ಟೆ?

ಎರಡು ವಾರದ ಹಿಂದೆ ಒಂದು ಶನಿವಾರ ಬೆಳಗ್ಗೆ ನಮ್ಮ ಮಧುಗಿರಿಯಲ್ಲಿ ತಿಮ್ಮಣ್ಣ ಎನ್ನುವವರು ಸೇವಂತಿಗೆ ಹಾರ ಹಿಡಿದುಕೊಂಡು ಒಂದು ಸಾವಿನ ಮನೆಗೆ ಹೋದರು. ಯಾರ ಕೊರಳಿಗೆ ಹಾಕಬೇಕೆಂದು ಹಾರ ತಂದಿದ್ದರೋ ಅವರೇ ಬಾಗಿಲು ತೆಗೆದು, "ಬನ್ನಿ ತಿಮ್ಮಣ್ಣ, ಟೀ ಕುಡೀತೀರಾ?" ಎಂದರು.

ತಿಮ್ಮಣ್ಣ ಕುಡಿದರು. ಇನ್ನೇನು ಮಾಡುತ್ತಾರೆ ಪಾಪ? ಹಾರವನ್ನು ಬೆನ್ನ ಹಿಂದೆ ಅಡಗಿಸಿ, ಇನ್ನೊಂದು ಕೈಯಲ್ಲಿ ಲೋಟ ಹಿಡಿದು, ಸುಡುವ ಟೀಯನ್ನು ನೀರು ಕುಡಿದಂತೆ ಕುಡಿದು ಮುಗಿಸಿದರು.

"ಮಿಸ್ಸೂ, ನೀವು ಚೆನ್ನಾಗಿದ್ದೀರಲ್ಲ?"

"ನಾನು ಚೆನ್ನಾಗೇ ಇದ್ದೀನಿ. ನಿಮಗೇನಾಯ್ತು, ಹೀಗೆ ಬೆವರ್ತಾ ಇದ್ದೀರಿ?"

"ಏನಿಲ್ಲ ಬುಡಿ. ಗೇಟಲ್ಲಿ ಬಿಳಿ ಬಟ್ಟೆ ಕಾಣ್ತು. ಯಾರೋ ಹೋಗ್ಬುಟ್ರು ಅಂದ್ಕಂಡೆ. ಇಲ್ಲಿ ವಯಸ್ಸಾದೋರು ಅಂದ್ರೆ ನೀವೊಬ್ರೇ ಅಲ್ವಾ ಅಂತ..."

ಅಷ್ಟರಲ್ಲಿ ಬೀದಿಯ ವಾಟ್ಸ್ಯಾಪ್ ಗುಂಪಿನಲ್ಲಿ ಮಿಸ್ ಅವರ ಆತ್ಮಕ್ಕೆ ಶಾಂತಿಯೂ ಸಿಕ್ಕಿಯಾಗಿತ್ತು. ಮಿಸ್ ಅದನ್ನು ಓದಿ, ಆತ್ಮಕ್ಕೆ 'ಮ' ಒತ್ತು ಸರಿಯಾಗಿ ಹಾಕದವರ ಹೆಸರನ್ನು ಗುರುತು ಮಾಡಿಕೊಂಡರು. (ನಿವೃತ್ತ ಕನ್ನಡ ಟೀಚರ್. ಸತ್ತರೂ ತಿದ್ದುವುದು ಬಿಡುವುದಿಲ್ಲ.)

ಇದು ತಮಾಷೆಯ ಭಾಗ. ಇಲ್ಲಿಗೇ ನಿಲ್ಲಿಸಿದರೆ ನೀವು ನಕ್ಕು ಪುಟ ತಿರುಗಿಸುತ್ತೀರಿ. ನಿಲ್ಲಿಸುವುದಿಲ್ಲ. ಯಾಕೆಂದರೆ ಆ ಬಿಳಿ ಬಟ್ಟೆ ಕಟ್ಟಿದವಳು ನಾನು.

ದಯಾಮಣಿ ಮಿಸ್ ನನಗೆ ಹೈಸ್ಕೂಲಿನಲ್ಲಿ ಚರ್ಚಾ ಸ್ಪರ್ಧೆ ಕಲಿಸಿದವರು. ಅವರ ಪದ್ಧತಿ ಸರಳ ಮತ್ತು ಕ್ರೂರ. ಈ ವಾರ ಪರವಾಗಿ ಮಾತಾಡಿ ಗೆಲ್ಲಬೇಕು. ಮುಂದಿನ ವಾರ ವಿರೋಧವಾಗಿ ನಿಂತು, ಹೋದ ವಾರದ ನಮ್ಮದೇ ಮಾತನ್ನು ಒಡೆಯಬೇಕು. ಹಾಗೆ ಒಡೆದೂ ಒಡೆದೂ ನಾನು ಕಡೆಗೆ ದೇವರ ತನಕ ಬಂದೆ. ದೇವರಿಲ್ಲ ಎಂದು ಅವರ ಎದುರಿಗೇ ನಿಂತು ಅರ್ಧ ಗಂಟೆ ವಾದ ಮಾಡಿದ್ದೆ. ಕೇಳಿಸಿಕೊಂಡು, "ಉಚ್ಚಾರಣೆ ಚೆನ್ನಾಗಿತ್ತು" ಎಂದಿದ್ದರು. ಅಷ್ಟೇ.

ಈ ಮಿಸ್ ಮತ್ತು ಅವರ ಮೂವತ್ತು ನಲವತ್ತು ಜನ ಭಾನುವಾರ ಕೂಡುವ ಜಾಗವನ್ನು ಚರ್ಚು ಎಂದರೆ ನಿಮಗೆ ಗೋಪುರ, ಗಂಟೆ, ಬಣ್ಣದ ಗಾಜು ನೆನಪಾಗುತ್ತದೆ. ಬೇಡ. ಅದು ಮಿಸ್ ಅವರ ಮನೆಯ ಕಾಂಪೌಂಡಿನಲ್ಲೇ ಇರುವ ಪ್ರೇಯರ್ ಹಾಲು. ಅದಕ್ಕೂ ಮೊದಲು ಕಡ್ಲೆಕಾಯಿ ಗೋಡೌನು. ಶೀಟಿನ ಸೂರು, ಸುಣ್ಣದ ಗೋಡೆ, ಚಾಪೆ, ಒಂದಿಷ್ಟು ಪ್ಲಾಸ್ಟಿಕ್ ಕುರ್ಚಿ. ವಿಗ್ರಹವಿಲ್ಲ, ಪಟವಿಲ್ಲ. ಎದುರು ಗೋಡೆಯ ಮೇಲೆ ಮಿಸ್ ಅವರ ಯಜಮಾನರು ಬದುಕಿದ್ದಾಗ ಬಣ್ಣದಲ್ಲಿ ಬರೆದ ಒಂದು ಶಿಲುಬೆ, ಸ್ವಲ್ಪ ಎಡಕ್ಕೆ ವಾಲಿದೆ. ಫ್ಯಾನ್ ಜೋರಾಗಿ ತಿರುಗಿದರೆ ಈಗಲೂ ಎಲ್ಲಿಂದಲೋ ಕಡ್ಲೆಕಾಯಿ ಸಿಪ್ಪೆಯ ಧೂಳು ಉದುರುತ್ತದೆ.

ಈ ಹಾಲಿನಲ್ಲೇ ಮಗಳು ಗ್ರೇಸಿಯ ಮದುವೆ ಆಗಬೇಕು ಎನ್ನುವುದು ಮಿಸ್ ಅವರ ಹಟ. "ನನ್ನ ಮದುವೆ ಹುಣಸೆ ಮರದ ಕೆಳಗಾಯ್ತು ಚೈತ್ರಾ. ಅವತ್ತು ನಮಗೆ ಸೂರಿರಲಿಲ್ಲ. ಈಗ ಇದೆ. ನನ್ನ ಮಗಳಿಗೆ ಬಾಡಿಗೆ ಸೂರು ಯಾಕೆ?"

ಬೀಗರಿಗೆ ಹಾಗನ್ನಿಸಲಿಲ್ಲ. ಹುಡುಗನ ಕಡೆಯವರು ಪಾವಗಡದ ತಿರುಮಣಿ ಹತ್ತಿರದವರು. ಹುಡುಗನ ತಂದೆ ಸೋಲಾರ್ ಪಾರ್ಕಿನಲ್ಲಿ ಸೆಕ್ಯೂರಿಟಿ. ಮಾತುಕತೆಗೆಂದು ಮೊದಲ ಸಲ ಬಂದಾಗ ಹುಡುಗನ ತಾಯಿ ಸರೋಜಮ್ಮ ಹಾಲಿನ ಬಾಗಿಲಲ್ಲೇ ನಿಂತು, "ಏಮ್ಮಾ, ಇದು ಗೋಡೌನಲ್ವಾ?" ಎಂದು ಕೇಳಿದರಂತೆ. ಪಾವಗಡದಲ್ಲೇ ಮಂಟಪ ಹಿಡಿಯೋಣ ಎಂದರು. ಮಿಸ್ ಕೇಳಿಕೊಂಡ ಮೇಲೆ, "ಆಗ್ಲಿ, ಶನಿವಾರ ಇನ್ನೊಂದ್ಸಲ ಬಂದು ನೋಡ್ತೀನಿ. ಮದ್ವೆ ಮನೆ ಥರ ಕಂಡ್ರೆ ಇಲ್ಲೇ. ಇಲ್ದಿದ್ರೆ ಮಂಟಪ" ಎಂದು ಗಡುವು ಕೊಟ್ಟು ಹೋದರು.

ಮಿಸ್ ನನಗೆ ಫೋನ್ ಮಾಡಿದ್ದು ಆಗ. ದೇವರಿಲ್ಲದವಳಿಗೆ ದೇವರ ಮನೆ ಸಿಂಗರಿಸುವ ಕೆಲಸ. ಕಾರಣ ನನ್ನ ಕಲಾಪ್ರತಿಭೆಯಲ್ಲ. ನಮ್ಮ ದೊಡ್ಡಪ್ಪನದು ಶಾಮಿಯಾನ ಅಂಗಡಿ. ಮಧುಗಿರಿಯವರಿಗೆ ಯಾವ ಅಂಗಡಿ ಎಂದು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಅರ್ಧ ಜನರ ಮದುವೆ ಫೋಟೋದ ಹಿಂದೆ ಇರುವ ಪರದೆ ನಮ್ಮದೇ.

ಗ್ರೇಸಿ ಫೋನಿನಲ್ಲಿ ಎಲ್ಲೋ ನೋಡಿದ್ದಳು: ಬಿಳಿ ಬಟ್ಟೆಯ ನೆರಿಗೆ, ಹಿಂದಿನಿಂದ ಹಳದಿ ಬೆಳಕು. "ಅಕ್ಕಾ, ಇಂಥದ್ದು ಆಗುತ್ತಾ?"

ದೊಡ್ಡಪ್ಪ ಊರಲ್ಲಿರಲಿಲ್ಲ. ಹೊಸದಾಗಿ ಮದುವೆಯಾದ ಮಗಳನ್ನು ಆಷಾಢಕ್ಕೆ ತವರಿಗೆ ಕರೆತರಲು ಕೊರಟಗೆರೆಗೆ ಹೋಗಿದ್ದರು. ಫೋನ್ ಮಾಡಿದೆ.

"ಯಾರಿಗೆ?"

"ನಮ್ಮ ದಯಾಮಣಿ ಮಿಸ್ ಹಾಲಿಗೆ. ಗ್ರೇಸಿ ಮದುವೆ."

"ಮದ್ವೆ ಸೆಟ್ಟು ಯಾವ್ದೂ ಖಾಲಿ ಇಲ್ಲ ಕಣವ್ವ. ಎಲ್ಲಾ ಬುಕ್ ಆಗ್ಬುಟ್ಟವೆ. ಬಿಳೀದಂತೂ ಇಲ್ಲವೇ ಇಲ್ಲ."

ಬಿಳಿ ಬಟ್ಟೆ ಇತ್ತು. ಅದು ದೊಡ್ಡಪ್ಪನಿಗೂ ಗೊತ್ತು, ನನಗೂ ಗೊತ್ತು. ಅಂಗಡಿಯ ಗೋದಾಮಿನ ಮೆಟ್ಟಿಲ ಕೆಳಗೆ ಬೇರೆಯಾಗಿ ಇಟ್ಟ ಒಂದು ಗಂಟು. ಸಾವಿನ ಮನೆಗಳಿಗೆ ಮಾತ್ರ ಹೋಗುವುದು. ಅದಕ್ಕೆ ಹೆಸರಿಲ್ಲ, ಎಲ್ಲರೂ "ಆ ಗಂಟು" ಎನ್ನುತ್ತಾರೆ. ಮದುವೆ ಸೆಟ್ಟಿನ ಮೂಲೆಗೆ ಕೆಂಪು ದಾರದ ಹೊಲಿಗೆ, ಆ ಗಂಟಿನದಕ್ಕೆ ನೀಲಿ. ಒಂದಕ್ಕೊಂದು ತಾಗಬಾರದು. ಒಂದೇ ಆಟೋದಲ್ಲಿ ಹೋಗಬಾರದು. ಚಿಕ್ಕವಳಿದ್ದಾಗ ನಾನು ಕಣ್ಣಾಮುಚ್ಚಾಲೆ ಆಡುತ್ತಾ ಆ ಗಂಟಿನ ಹಿಂದೆ ಅಡಗಿದ್ದಕ್ಕೆ ತಲೆಗೆ ನೀರು ಸುರಿದಿದ್ದರು.

ಈಗ ಹೇಳಿ, ಇಂಥ ಗಂಟನ್ನು ನೋಡಿದರೆ ನನ್ನಂಥವಳಿಗೆ ಕೈ ಕಡಿಯುವುದಿಲ್ಲವೇ? ಬಟ್ಟೆ ಹತ್ತಿಯದು. ಹತ್ತಿಗೆ ಸಾವು ಗೊತ್ತಿಲ್ಲ. ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿದ ಮೇಲೆ ಅದರಲ್ಲಿ ಉಳಿಯುವುದು ಏನು? ಏನೂ ಇಲ್ಲ. ಗೋದಾಮಿನಲ್ಲಿ ಜೋಡಿಸಿಟ್ಟಿದ್ದ ದೊಡ್ಡ ದೊಡ್ಡ ಮೂಟೆಗಳನ್ನು ದಾಟಿಕೊಂಡು ಹೋಗಿ, ಆ ಗಂಟನ್ನು ಎಳೆದು, ಆಟೋಗೆ ಹಾಕಿಕೊಂಡು ಬಂದೆ.

ಮಿಸ್‌ಗೆ ಹೇಳಲಿಲ್ಲ. ಹೇಳಿದರೆ ನಾನೇ ಮೂಢನಂಬಿಕೆಗೆ ಮರ್ಯಾದೆ ಕೊಟ್ಟಂತೆ ಎಂದು ನನಗೆ ನಾನೇ ವಾದಿಸಿಕೊಂಡೆ. (ಒಬ್ಬಳೇ ವಾದಿಸುವಾಗ ಗೆಲ್ಲುವುದು ಬಹಳ ಸುಲಭ.)

ಶುಕ್ರವಾರ ಇಡೀ ದಿನ ಕೆಲಸ. ಗೋಡೌನಿನ ಗೋಡೆ ಮೊಳೆ ಹಿಡಿಯುವುದಿಲ್ಲ. ಹೊಡೆದರೆ ಗಾರೆ ಉದುರುತ್ತದೆ. ಸೂರಿನ ಕಬ್ಬಿಣಕ್ಕೆ ತಂತಿ ಎಳೆದು, ತಂತಿಗೆ ಹಗ್ಗ, ಹಗ್ಗಕ್ಕೆ ಬಟ್ಟೆ. ಗ್ರೇಸಿ ನೆರಿಗೆ ಹಿಡಿದಳು, ನಾನು ಪಿನ್ನು ಚುಚ್ಚಿದೆ. ಮಿಸ್ ಕೆಳಗೆ ನಿಂತು, "ಎಡಗಡೆ ಜೋಲು ಬಿದ್ದಿದೆ", "ಆ ನೆರಿಗೆ ಅಲ್ಪಪ್ರಾಣ ಆಯ್ತು, ಮಹಾಪ್ರಾಣ ಮಾಡು" ಎಂದು ವ್ಯಾಕರಣ ಹೇಳುತ್ತಿದ್ದರು. ಬಟ್ಟೆಯ ಹಿಂದೆ ಹಳದಿ ಸೀರಿಯಲ್ ಸೆಟ್ಟುಗಳನ್ನು ಇಳಿಬಿಟ್ಟೆವು. ಬಲ್ಬು ಕಾಣಬಾರದು, ಬೆಳಕು ಮಾತ್ರ ಕಾಣಬೇಕು. ಇದು ದೊಡ್ಡಪ್ಪ ಕಲಿಸಿದ ಪಾಠ.

ಸ್ವಿಚ್ ಒತ್ತಿದಾಗ ಗೋಡೌನು ಮಾಯವಾಯಿತು. ಶೀಟಿಲ್ಲ, ಸುಣ್ಣವಿಲ್ಲ. ಬಟ್ಟೆಯ ಒಳಗಿಂದ ಬೆಳಗಾಗುತ್ತಿರುವಂತೆ ಇತ್ತು. ವಾಲಿದ ಶಿಲುಬೆ ಕೂಡ ಬೇಕೆಂದೇ ವಾಲಿಸಿದಂತೆ ಕಂಡಿತು. ಗ್ರೇಸಿ ನಡುವೆ ಹೋಗಿ ನಿಂತು ಎರಡು ಕೈ ಚಾಚಿ ಒಂದು ಸುತ್ತು ತಿರುಗಿದಳು. ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಉಳಿದ ಒಂದು ತುಂಡನ್ನು ಗೇಟಿಗೂ ಕಟ್ಟಿದೆವು. ಅದೇ ತಪ್ಪಾದದ್ದು. ಆಷಾಢದ ಗಾಳಿಗೆ ಅದು ಬೆಳಗ್ಗೆ ಬೀದಿ ತುಂಬಾ ಪಟಪಟ ಎನ್ನುತ್ತಾ ಮಿಸ್ ಅವರ ಸಾವನ್ನು ಸಾರುತ್ತಿತ್ತು.

ಟೀ ಮುಗಿಸಿದ ತಿಮ್ಮಣ್ಣ ಹೋಗಲಿಲ್ಲ. ಅಲ್ಲೇ ಇದ್ದ ನನ್ನ ಕಡೆ ತಿರುಗಿದರು. "ಅಮ್ಮಣ್ಣಿ, ಆ ಗೇಟಿಂದ್ ಬಟ್ಟೆ ಬಿಚ್ಬುಡಿ. ಬೀದಿಗೆ ಒಳ್ಳೇದಲ್ಲ."

ನಾನು ಇಂಥದ್ದಕ್ಕೇ ಕಾಯುತ್ತಿದ್ದೆ. "ತಿಮ್ಮಣ್ಣ, ನೀವು ಉಟ್ಟಿರೋ ಪಂಚೆ ಯಾವ ಬಣ್ಣ?"

"ಬಿಳಿ."

"ನಿಮ್ಮ ಮದುವೇಲಿ ಉಟ್ಟಿದ್ದು?"

"ಅದೂ ಬಿಳೀದೇ."

"ಅವತ್ತು ಬೀದಿಗೆ ಏನಾಯ್ತು?"

"ಬೀದಿಗೇನೂ ಆಗ್ಲಿಲ್ಲ ಕಣಮ್ಮ. ನಂಗಾಯ್ತು."

ಮಿಸ್ ನಕ್ಕುಬಿಟ್ಟರು. ನಾನೂ ನಕ್ಕೆ. ತಿಮ್ಮಣ್ಣ ಹಾರದ ಸಮೇತ ಹೊರಟರು. ಬಟ್ಟೆ ಗೇಟಿನಲ್ಲೇ ಉಳಿಯಿತು. ಗೆದ್ದೆ ಎಂದುಕೊಂಡೆ.

ಹತ್ತು ಗಂಟೆಗೆ ದೊಡ್ಡಪ್ಪ ಬಂದರು. ಕೊರಟಗೆರೆಯಿಂದ ಬಂದವರೇ ವಾಟ್ಸ್ಯಾಪಿನಲ್ಲಿ ಫೋಟೋ ನೋಡಿದ್ದಾರೆ. ಗೇಟಿನ ಬಟ್ಟೆಯ ಮೂಲೆ ಹಿಡಿದು ತಿರುಗಿಸಿದರು. ನೀಲಿ ದಾರ.

"ಲೇ ಚೈತ್ರಾ! ಎಲ್ಲಿಂದ ತಂದೆ ಇದನ್ನ?"

"ಅಂಗಡಿಯಿಂದ."

"ಅಂಗಡೀಲಿ ಎಲ್ಲಿಂದ?"

"ಮೆಟ್ಟಿಲ ಕೆಳಗಿಂದ."

"ಆ ಗಂಟಾ?" ತಲೆಯ ಮೇಲೆ ಕೈಯಿಟ್ಟುಕೊಂಡರು. "ಮದ್ವೆ ಮಾಡೋ ಜಾಗಕ್ಕೆ ಆ ಗಂಟು ತಂದ್ಬುಟ್ಯಾ? ಮೊನ್ನೆ ತಾನೆ ಕಳ್ಳಂಬೆಳ್ಳದಲ್ಲಿ ಹೆಣದ ಮುಂದೆ ಕಟ್ಟಿದ್ ಬಟ್ಟೆ ಕಣೇ ಅದು!"

"ಒಗೆದಿದೆ ದೊಡ್ಡಪ್ಪ. ಆಸ್ಪತ್ರೆಯಲ್ಲಿ ಜನ ಸಾಯಲ್ವಾ? ಅದೇ ಬೆಡ್‌ಶೀಟ್ ಒಗೆದು ಇನ್ನೊಬ್ಬರಿಗೆ ಹಾಸಲ್ವಾ?"

"ಆಸ್ಪತ್ರೆ ಬೆಡ್‌ಶೀಟ್ ಮೇಲೆ ಯಾರೂ ತಾಳಿ ಕಟ್ಟಲ್ಲ ಕಣೇ!"

(ಒಪ್ಪಬೇಕು. ಆ ಪಾಯಿಂಟ್ ಅವರದು.)

ನಾನು ಮಿಸ್ ಕಡೆ ತಿರುಗಿದೆ. ಅವರು ನನ್ನನ್ನೇ ನೋಡುತ್ತಿದ್ದರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಿಸ್. ಆದರೆ ಅದು ಬರೀ ಬಟ್ಟೆ..."

"ಬಟ್ಟೆ ಕಂಡ್ರೆ ನನಗೆ ಭಯ ಇಲ್ಲ. ಶಿಲುಬೆ ಮೇಲೆ ಸತ್ತ ನಮ್ಮ ಸ್ವಾಮಿ ಎದ್ದು ಹೋದ ಮೇಲೆ ಸಮಾಧಿಯಲ್ಲಿ ಉಳಿದಿದ್ದೂ ಹೆಣಕ್ಕೆ ಸುತ್ತಿದ ಬಟ್ಟೆನೇ. ನಾನು ಅದನ್ನ ಅಪಶಕುನ ಅಂದ್ರೆ ಭಾನುವಾರ ಯಾವ ಮುಖ ಹೊತ್ತು ಕೂರಲಿ? ನೀನು ನನಗೆ ಹೇಳದೆ ಇದ್ದೆಯಲ್ಲ, ಅದು ನೋವು. ಎದುರಿನವರಿಗೆ ಗೊತ್ತಿಲ್ಲದ ವಿಷಯ ಇಟ್ಟುಕೊಂಡು ವಾದ ಗೆಲ್ಲೋದಕ್ಕೆ ನಾನು ಯಾವತ್ತಾದರೂ ಮಾರ್ಕ್ಸ್ ಕೊಟ್ಟಿದ್ದೀನಾ?"

ಕೊಟ್ಟಿರಲಿಲ್ಲ.

"ಬೀಗಿತ್ತಿ ಬರ್ತಾರೆ. ಬಿಚ್ಚೋದು ಬೇಡ, ಮುಚ್ಚಿಡೋದೂ ಬೇಡ. ನೀನೇ ಹೇಳು."

ದೊಡ್ಡಪ್ಪ ಗಾಬರಿಯಾದರು. "ಹೇಳೋದಾ? ಮಿಸ್, ಹೇಳಿದ್ರೆ ನನ್ ಅಂಗ್ಡಿ ಕತೆ?" ಅವರ ಮಾತು ಮುಗಿಯುವ ಮೊದಲೇ ಗೇಟಿನಲ್ಲಿ ಆಟೋ ನಿಂತಿತು.

ಸರೋಜಮ್ಮ ಒಬ್ಬರೇ ಬಂದಿದ್ದರು. ಕೈಯಲ್ಲಿ ಬಸ್ಸಿನ ಟಿಕೆಟ್ಟು ಇನ್ನೂ ಮುದುಡಿಕೊಂಡಿತ್ತು. ಹಾಲಿನೊಳಗೆ ಬಂದು ನಿಂತವರು ಸುಮ್ಮನೆ ಸುತ್ತಲೂ ನೋಡಿದರು. ಮುಖ ಬಿಚ್ಚಿಕೊಂಡಿತು. "ಅಬ್ಬಬ್ಬಾ! ಏಮ್ಮಾ ಗ್ರೇಸೀ, ಇದೇನಾ ಅವತ್ತಿನ ಗೋಡೌನು?" ಒಂದು ನೆರಿಗೆಯನ್ನು ಬೆರಳಲ್ಲಿ ಮುಟ್ಟಿದರು. "ಚಾಲಾ ಚೆನ್ನಾಗದೆ."

ಗ್ರೇಸಿ ಉಸಿರು ಬಿಟ್ಟಳು. ಮಿಸ್ ನನ್ನ ಕಡೆ ನೋಡಿದರು.

ಹೇಳಿದೆ. ಎಲ್ಲ ಹೇಳಿದೆ. ಗಂಟು, ನೀಲಿ ದಾರ, ಕಳ್ಳಂಬೆಳ್ಳ. ಕೊನೆಗೆ, ಅಭ್ಯಾಸ ನೋಡಿ, ಒಂದು ವಾದವನ್ನೂ ಸೇರಿಸಿದೆ: "ಆಂಟಿ, ಚೆನ್ನಾಗಿ ಒಗೆದಿದೆ. ಬಟ್ಟೆ ಅಂದ್ರೆ ಬಟ್ಟೆ ಅಷ್ಟೆ."

ಸರೋಜಮ್ಮ ನೆರಿಗೆಯಿಂದ ಬೆರಳು ತೆಗೆದರು. ಕೂಗಾಡುತ್ತಾರೆ, ಶಕುನ ಅಪಶಕುನ ಅನ್ನುತ್ತಾರೆ ಎಂದು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವರು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತರು.

"ನಮ್ಮಜ್ಜಿ ಮದ್ವೆಗೆ ಹೊಸ ಸೀರೆ ಇರ್ಲಿಲ್ಲಮ್ಮಾ. ಊರಾಗೆ ದೊಡ್ಡೋರ ಮನೇಲಿ ಯಾರೋ ಸತ್ರು. ಸುಡುಗಾಡಿನ ಕೆಲ್ಸ ನಮ್ಮೋರ್ದು. ಹೆಣದ ಮೇಲೆ ಹೊದ್ಸಿದ್ ಬಟ್ಟೆ ನಮ್ಮೋರ್ಗೆ ಬುಡೋರು, ಅದೇ ಕೂಲಿ. ಅದನ್ನೇ ಅರಿಶಿಣದ ನೀರಾಗ್ ಅದ್ದಿ, ಅಜ್ಜಿಗೆ ಉಡ್ಸಿ ಮದ್ವೆ ಮಾಡಿದ್ರು." ನನ್ನ ಕಡೆ ತಿರುಗಿದರು. "ಒಗ್ದಿದ್ರು ತಿಳ್ಕ. ಚೆನ್ನಾಗೇ ಒಗ್ದಿದ್ರು."

ಸರೋಜಮ್ಮ ಕೈಯಲ್ಲಿದ್ದ ಬಸ್ಸಿನ ಟಿಕೆಟ್ಟನ್ನು ಇನ್ನೊಮ್ಮೆ ಮಡಿಸಿದರು.

"ಅಜ್ಜಿ ಈ ದೇವ್ರ ಹತ್ರ ಬಂದಿದ್ದು ಸ್ವರ್ಗಕ್ಕೆ ಅಂದ್ಕಂಡ್ಯಾ? ತನ್ ಮಗ್ಳಾದ್ರೂ ಅಂಗ್ಡಿಯಿಂದ ತಂದಿದ್ ಬಟ್ಟೇಲಿ ಮದ್ವೆ ಆಗ್ಲಿ ಅಂತ. ನಿಂಗೆ ಬಟ್ಟೆ ಬರೀ ಬಟ್ಟೆ ಕಣಮ್ಮ. ಯಾಕಂದ್ರೆ ನಿಮ್ಮನೇರ್ಗೆ ಯಾರೂ ಅದನ್ನ ಉಡ್ಸಿಲ್ಲ."

ಓದುಗರೇ, ಜಿಲ್ಲಾ ಮಟ್ಟದಲ್ಲಿ ಮೂರು ಸಲ ಗೆದ್ದವಳು ನಾನು. ಸಿದ್ಧ ಮಾಡಿಕೊಂಡಿದ್ದ ಉತ್ತರಗಳೆಲ್ಲ ಶಕುನಕ್ಕಿದ್ದವು, ಇದಕ್ಕಲ್ಲ. ಶಕುನವನ್ನು ನಂಬುವುದಿಲ್ಲ ಎನ್ನುವುದು ನನ್ನ ಧೈರ್ಯ ಎಂದುಕೊಂಡಿದ್ದೆ. ಅದರಲ್ಲಿ ಒಂದು ಪಾಲು ನನ್ನ ಮನೆತನದ ಅನುಕೂಲ ಎಂದು ಯಾರೂ ಹೇಳಿರಲಿಲ್ಲ.

ಸರೋಜಮ್ಮನ ಪ್ರಶ್ನೆ ಮುಗಿದಿರಲಿಲ್ಲ. "ಅಂಗ್ಡೀಲಿ ಮದ್ವೆ ಸೆಟ್ಟು ಇರ್ಲಿಲ್ವಾ?"

"ಎಲ್ಲಾ ಬುಕ್ ಆಗಿದ್ವು ಆಂಟಿ."

"ಬುಕ್ ಆಗಿದ್ವಾ?" ಅವರ ಹುಬ್ಬು ಮೇಲೇರಿತು. "ಆಷಾಢದಾಗೆ?"

ನಾನು ದೊಡ್ಡಪ್ಪನ ಕಡೆ ತಿರುಗಿದೆ.

"ನಿಮ್ ಜನದಾಗೆ ಆಷಾಢದಲ್ಲಿ ಒಂದ್ ಮದ್ವೇನೂ ಇಲ್ವಲ್ಲಮ್ಮಾ. ಮತ್ತೆ ಆ ಮದ್ವೆ ಸೆಟ್ಟೆಲ್ಲಾ ಯಾಡಿಕಿ ಪಾಯೆ? ಎಲ್ಲಿಗ್ ಹೋದ್ವು?"

ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಅಂಗಡಿಯ ಗೋದಾಮಿನಲ್ಲೇ ಇದ್ದವು. ಆ ಗಂಟನ್ನು ಎಳೆಯಲು ನಾನು ದಾಟಿಕೊಂಡು ಹೋದ ದೊಡ್ಡ ದೊಡ್ಡ ಮೂಟೆಗಳು ಅವೇ. ಕಾಲಡಿಯಲ್ಲೇ ಇದ್ದ ಸಾಕ್ಷಿ. ನಮ್ಮ ಮನೆಯಲ್ಲೇ ಆಷಾಢಕ್ಕೆ ಬಂದ ಮಗಳು ಕೂತಿದ್ದಾಳೆ. ಆದರೂ ನನಗೆ ಹೊಳೆಯಲಿಲ್ಲ! ಎದುರಾಳಿ ಹೇಳಿದ ಅಂಕಿ ಅಂಶವನ್ನು ಪರೀಕ್ಷಿಸದೆ ಒಪ್ಪಬೇಡ ಎಂದು ಕಲಿತವಳು, ಸ್ವಂತ ದೊಡ್ಡಪ್ಪನ ಮಾತನ್ನು ಪರೀಕ್ಷಿಸಲಿಲ್ಲ. ದೊಡ್ಡಪ್ಪ ಎದುರಾಳಿ ಎಂದು ಅನ್ನಿಸಿಯೇ ಇರಲಿಲ್ಲ.

ದೊಡ್ಡಪ್ಪ ನೆಲ ನೋಡುತ್ತಿದ್ದರು. "ನಂದೇನಿಲ್ಲ ಕಣಮ್ಮ. ನಾನು ಅಂಗೆಲ್ಲ ನೋಡೋನಲ್ಲ. ಮಿಸ್‌ನ ಕೇಳಿ ಬೇಕಾದ್ರೆ, ಅವ್ರ ಮನೇಲಿ ಕಾಫಿ ಕುಡ್ದಿಲ್ವಾ ನಾನು? ಆದ್ರೆ ಇಲ್ಲಿಗೆ ಕಟ್ಟಿದ್ದು ಗೊತ್ತಾದ್ರೆ ಶ್ರಾವಣದಲ್ಲಿ ಜನ ಆ ಸೆಟ್ಟು ಮುಟ್ಟಲ್ಲ. ಯಾಪಾರ ಅಂದ್ಮೇಲೆ ಜನ ಏನಂತಾರೆ ನೋಡ್ಬೇಕಲ್ಲ."

ನೋಡಿದಿರಾ ಜಾಣತನ? ಯಾರಿಗೂ ಭೇದವಿಲ್ಲ. ದೊಡ್ಡಪ್ಪನಿಗಿಲ್ಲ, ನನಗಿಲ್ಲ, ಕಾಫಿ ಲೋಟಕ್ಕಿಲ್ಲ. ಭೇದ ಇರುವುದೆಲ್ಲ 'ಜನ'ರಿಗೆ. ಈ ಜನ ಯಾರು? ಯಾವ ಬೀದಿ? ಮನೆ ನಂಬರ್ ಎಷ್ಟು? ಯಾರೂ ಹೇಳುವುದಿಲ್ಲ.

ಗ್ರೇಸಿ ಸ್ಟೂಲು ಎಳೆದುಕೊಂಡು ಹತ್ತಿ ಒಂದೊಂದೇ ಪಿನ್ನು ಕೀಳತೊಡಗಿದಳು. ಬಿಳಿ ಬಟ್ಟೆ ರಾಶಿರಾಶಿಯಾಗಿ ನೆಲಕ್ಕೆ ಇಳಿಯಿತು. ಹಿಂದೆ ಇದ್ದ ಸುಣ್ಣದ ಗೋಡೆ, ಶೀಟು, ಗೋಡೌನು ಎಲ್ಲ ವಾಪಸ್ ಬಂದವು. ಮಿಸ್ ಆ ಬೋಳು ಗೋಡೆಯನ್ನು ನೋಡುತ್ತಾ ನಿಂತರು. ಮದುವೆ ಪಾವಗಡಕ್ಕೆ ಹೋಯಿತು ಎಂದು ಅವರ ಮುಖದಲ್ಲೇ ಬರೆದಿತ್ತು.

"ಮಂಟಪಾನೇ ಹಿಡೀರಿ" ಎಂದರು ಮೆಲ್ಲಗೆ.

"ಯಾಕೆ?" ಸರೋಜಮ್ಮ ಎದ್ದರು. "ಗೋಡೌನಿಗೇನ್ ಬಂತು? ಬಟ್ಟೆ ಸರಿ ಇರ್ಲಿಲ್ಲ ಅಷ್ಟೆ. ಆ ಮದ್ವೆ ಸೆಟ್ಟು ಇಲ್ಲಿಗ್ ಬರ್ಲಿ, ಮದ್ವೆ ಇಲ್ಲೇ. ಬರ್ಲಿಲ್ಲ ಅಂದ್ರೆ ಮಂಟಪ. ಏನಪ್ಪಾ, ಕೊಡ್ತೀಯೋ ಇಲ್ವೋ?"

ದೊಡ್ಡಪ್ಪ ಸಿಕ್ಕಿಬಿದ್ದರು. "ಕೊಡ್ತೀನಿ. ಕೆಂಪು ವೆಲ್ವೆಟ್ಟು, ಚಿನ್ನದ ಕುಚ್ಚು ಇರೋದು, ಅದನ್ನೇ ಕೊಡ್ತೀನಿ. ಆದ್ರೆ ಬೋರ್ಡು ಮಾತ್ರ ಬೇಡ."

ಶಾಮಿಯಾನ ಕಟ್ಟಿದ ಕಡೆಯೆಲ್ಲ ಗೇಟಿಗೆ ಅಂಗಡಿಯ ಹೆಸರಿನ ತಗಡಿನ ಬೋರ್ಡು ತೂಗುಹಾಕುವುದು ಪದ್ಧತಿ. ಸಾವಿನ ಮನೆಗೆ ಮಾತ್ರ ಹಾಕುವುದಿಲ್ಲ.

ಸ್ಟೂಲಿನ ಮೇಲಿಂದಲೇ ಗ್ರೇಸಿ ಹೇಳಿದಳು: "ಬೋರ್ಡಿಲ್ಲದೆ ಬಟ್ಟೆ ಬೇಡ ಅಂಕಲ್. ನಮ್ಮನೇಲಿ ಈಗ ಯಾರೂ ಸತ್ತಿಲ್ಲ."

ಮಂಗಳವಾರ ಲಗೇಜ್ ಆಟೋದಲ್ಲಿ ಕೆಂಪು ಸೆಟ್ಟು ಬಂತು. ಬೋರ್ಡು ಬರಲಿಲ್ಲ. ಗ್ರೇಸಿ ಮೂಟೆಯ ಗಂಟು ಕೂಡ ಬಿಚ್ಚದೆ ಅದೇ ಆಟೋದಲ್ಲಿ ವಾಪಸ್ ಕಳಿಸಿದಳು. ಮಿಸ್‌ಗೆ ನಿದ್ದೆಯಿಲ್ಲ. ಮದುವೆಗೆ ಒಂಬತ್ತೇ ದಿನ. "ಒಂದು ತಗಡಿಗೋಸ್ಕರ ಮದುವೆ ಕಳ್ಕೊಳ್ತಾಳಲ್ಲ" ಎಂದು ನನಗೆ ಫೋನ್ ಮಾಡಿದರು. ಒಂದು ನಿಮಿಷ ಬಿಟ್ಟು ಅವರೇ, "ಸರಿಯಾಗೇ ಮಾಡಿದ್ಲು" ಎಂದರು. (ಪರ ಮತ್ತು ವಿರೋಧ, ಒಂದೇ ಕರೆಯಲ್ಲಿ.)

ಅವತ್ತು ಊಟಕ್ಕೆ ಕೂತಾಗ ನಾನು ದೊಡ್ಡಪ್ಪನ ಮುಂದೆ ಭಾಷಣ ಶುರು ಮಾಡಿದೆ. ಸಂವಿಧಾನದಿಂದ ಆರಂಭಿಸಿ ಸಾರಿನ ತನಕ ಬಂದಿದ್ದೆ. ಆಷಾಢಕ್ಕೆ ಬಂದಿದ್ದ ಅವರ ಮಗಳು ರಶ್ಮಿ ಮುದ್ದೆ ಮುರಿಯುತ್ತಾ ಅಡ್ಡ ಬಂದಳು.

"ಅಪ್ಪ, ನನ್ ಮದ್ವೆಗೆ ಕಟ್ಟಿದ್ದೂ ಅದೇ ಕೆಂಪು ಸೆಟ್ಟು ತಾನೆ? ಅದು ಅದಕ್ಕೂ ಮುಂಚೆ ಎಲ್ಲೆಲ್ಲಿ ಹೋಗಿ ಬಂದಿತ್ತು ಅಂತ ನನ್ ಗಂಡನ್ ಮನೇರು ಒಬ್ರಾದ್ರೂ ಕೇಳಿದ್ರಾ?"

ದೊಡ್ಡಪ್ಪ ಕೈ ತೊಳೆದರು. ಹೊರಗೆ ಹೋಗಿ ಜಗುಲಿಯ ಮೇಲೆ ಬಹಳ ಹೊತ್ತು ಕೂತರು. ನಾನು ಹಿಂದೆ ಹೋಗಿ ನಿಂತೆ.

"ಬೋರ್ಡು ನಾನೇ ತಗೊಂಡು ಹೋಗಿ ಕಟ್ತೀನಿ ದೊಡ್ಡಪ್ಪ. ನೀನು ಬರೋದು ಬೇಡ."

"ನೀನ್ ಕಟ್ಟಿದ್ರೆ ವಾಲ್ತದೆ" ಎಂದರು. "ನಾನೇ ಕಟ್ತೀನಿ. ಆದ್ರೆ ಒಂದ್ ಮಾತು. ಶ್ರಾವಣದಲ್ಲಿ ಒಂದ್ ಬುಕಿಂಗೂ ಬರ್ಲಿಲ್ಲ ಅಂದ್ರೆ ಉತ್ತರ ನೀನ್ ಹೇಳ್ಬೇಕು."

ಮೊನ್ನೆ ಗುರುವಾರ ಮದುವೆ ಆಯಿತು. ಹಾಲಿನಲ್ಲೇ. ಎದುರು ಗೋಡೆಗೆ ಕೆಂಪು ವೆಲ್ವೆಟ್ಟು, ಶಿಲುಬೆಯ ಎರಡೂ ಪಕ್ಕಕ್ಕೆ ಸರಿಸಿ ಕಟ್ಟಿದ್ದರು. ಹಿಂದಿನಿಂದ ಹಳದಿ ಬೆಳಕು. ದೊಡ್ಡಪ್ಪ ಕಡಿಮೆ ಮಾಡಲಿಲ್ಲ. ಒಮ್ಮೆ ಕೈ ಹಾಕಿದ ಮೇಲೆ ಅವರಿಗೆ ಅರ್ಧಂಬರ್ಧ ಕಟ್ಟಲು ಬರುವುದಿಲ್ಲ. ಶೀಟಿನ ಅಡಿಗೆ ಇಡೀ ಸೂರನ್ನೇ ಹೊಲಿದಂತೆ ನೆರಿಗೆ ಇಳಿಸಿದ್ದರು. ಅದರ ಮುಂದೆ ಗ್ರೇಸಿ ಬಿಳಿ ಸೀರೆಯಲ್ಲಿ ನಿಂತಿದ್ದಳು. ಅಂಗಡಿಯಿಂದ ತಂದ ಸೀರೆ. ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಸರೋಜಮ್ಮ ಮುಂದಿನ ಸಾಲಿನಲ್ಲಿ ಕೂತು ಆ ಗೆರೆಗಳನ್ನು ನೋಡುತ್ತಿದ್ದರು. ಇಸ್ತ್ರಿ ಮಾಡ್ಲಾ ಎಂದು ಯಾರೋ ಕೇಳಿದ್ದಕ್ಕೆ, "ಬುಡು, ಹೊಸದು ಅಂತ ಗೊತ್ತಾಗ್ಲಿ" ಎಂದಿದ್ದರಂತೆ.

ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ದೇವರು ನನಗೆ ಅವತ್ತೂ ಕಾಣಲಿಲ್ಲ. ಬೇರೆ ಒಂದು ಕಂಡಿತು: ನಾನು ಇಷ್ಟು ವರ್ಷ ಈ ಹಾಲನ್ನು ಮೆಚ್ಚಿಕೊಂಡಿದ್ದು ಅದರ ಸರಳತೆಗಾಗಿ. ಆಡಂಬರವಿಲ್ಲದ ಪೂಜೆ, ಎಷ್ಟು ಚೆಂದ ಎಂದು ಇದೇ ಅಂಕಣದಲ್ಲಿ ಒಮ್ಮೆ ಬರೆದಿದ್ದೆ. ಬೋಳು ಗೋಡೆಯಲ್ಲಿ ಎಷ್ಟು ಪಾಲು ಅವರ ಆಯ್ಕೆ, ಎಷ್ಟು ಪಾಲು ಅಂಗಡಿಗಳು ಕೊಡದೆ ಉಳಿದಿದ್ದು ಎಂದು ಕೇಳಿರಲೇ ಇಲ್ಲ. ಕೇಳದೆ ಹೊಗಳುವುದೂ ಒಂದು ಥರದ ಸುಳ್ಳೇ ತಾನೆ?

ಹೊರಗೆ ಗೇಟಿನಲ್ಲಿ ಬೋರ್ಡು ತೂಗುತ್ತಿತ್ತು. ಒಂಚೂರೂ ವಾಲಿರಲಿಲ್ಲ. ಬಸ್ಸಿನಲ್ಲಿ ಹೋಗುವವರಿಗೂ ಕಾಣುವಷ್ಟು ಎತ್ತರಕ್ಕೆ ಕಟ್ಟಿದ್ದರು. ಇಳಿಸಿ ಕಟ್ಟಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ದೊಡ್ಡಪ್ಪ ಕೇಳುತ್ತಿರಲಿಲ್ಲ. ಬಗ್ಗುವ ತನಕ ಅಷ್ಟೇ ಅವರು ಹೆದರುವುದು. ಬಗ್ಗಿದ ಮೇಲೆ ಹಟ ಅವರದೇ.

ಫೋಟೋ ಎಲ್ಲ ಕಡೆ ಹೋಗಿದೆ. ಮಧುಗಿರಿ ದಾಟಿ ಶಿರಾ, ಕೊರಟಗೆರೆ, ಪಾವಗಡ. ಬೋರ್ಡಿನ ಮೇಲಿನ ಫೋನ್ ನಂಬರ್ ಕೂಡ ಓದುವಷ್ಟು ಸ್ಪಷ್ಟವಾಗಿದೆ. ಮುಂದಿನ ವಾರ ಶ್ರಾವಣ. ನಿನ್ನೆ ಅಂಗಡಿಯಲ್ಲಿ ನಾನಿದ್ದಾಗಲೇ ಒಂದು ಕರೆ ಬಂತು. ದೊಡ್ಡಪ್ಪ ಸ್ಪೀಕರ್ ಹಾಕಿದರು. ಕೊರಟಗೆರೆ ಕಡೆಯವರು, ಮಗಳ ಮದುವೆ. ಕೆಂಪು ಸೆಟ್ಟೇ ಬೇಕು ಎಂದರು. ಆಮೇಲೆ ದನಿ ತಗ್ಗಿಸಿ, "ಆ ಪ್ರೇಯರ್ ಹಾಲಿಗೆ ಕಟ್ಟಿದ್ರಲ್ಲ, ಅದು ಇದೇನಾ?" ಎಂದು ಕೇಳಿದರು.

ದೊಡ್ಡಪ್ಪ ನನ್ನ ಮುಖ ನೋಡಿದರು. ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು! "ಹೌದು, ಅದೇ" ಎಂದರು.

ಆ ಕಡೆಯವರು, "ಮನೇಲಿ ಕೇಳಿ ಹೇಳ್ತೀನಿ" ಎಂದು ಫೋನಿಟ್ಟರು.

ಯಾರಿದು ದೊಡ್ಡಪ್ಪ ಹೆದರುವ 'ಜನ' ಎಂದು ನಾನು ಕೇಳುತ್ತಿದ್ದೆನಲ್ಲ, ಈಗ ಒಂದು ದನಿ ಸಿಕ್ಕಿದೆ. ಆ ದನಿಯ ಮನೆಗೆ ಭಾನುವಾರ ಈ ಪತ್ರಿಕೆಯೂ ಹೋಗುತ್ತದೆ.

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿರಲ್ಲ ಸ್ವಾಮಿ, ಕೇಳಿದಿರಾ?